ಬೆಳಗಿನ ಪಾಳಿಯ ಅಂಕಿ

ಮಾರ್ಚ್ 3, ಸೋಮವಾರ

"ಮಗು ಮಲಗಿದಾಗ ನೀನೂ ಮಲಗಿಬಿಡು" ಎಂದು ನನಗೆ ಹೇಳದೆ ಉಳಿದವರು ಈ ಬೀದಿಯಲ್ಲಿ ಯಾರೂ ಇದ್ದಂತಿಲ್ಲ. ನಾನು ಮಲಗುತ್ತೇನೆ. ಮಲಗಿ ಕಿವಿ ಕೊಟ್ಟುಕೊಂಡಿರುತ್ತೇನೆ. ಪಾಪಚ್ಚಿಯ ಉಸಿರು ಕೇಳಿಸಿದರೆ ಅದು ನಿಜವಾಗಿ ಕೇಳಿಸಿತೋ ನನ್ನ ಭ್ರಮೆಯೋ ಎಂದು ಎದ್ದು ನೋಡುತ್ತೇನೆ. ಕೇಳಿಸದಿದ್ದರೆ ಕೇಳುವುದೇ ಬೇಡ. ನನ್ನ ಕಾಲಸಪ್ಪಳಕ್ಕೆ ಅವಳು ಏಳುತ್ತಾಳೆ, ಅವಳ ಅಳುವಿಗೆ ನಾನು ಅಳುತ್ತೇನೆ. ಗಂಡ ಅನ್ನುವ ಇವನೊಬ್ಬ ಪಕ್ಕದಲ್ಲಿ ಮರದ ದಿಮ್ಮಿಯ ಹಾಗೆ ಬಿದ್ದಿರುತ್ತಾನೆ. ದಿನವೆಲ್ಲ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿ ಬಂದವನ ಮೇಲೆ ಸಿಟ್ಟಾಗಲೂ ಮನಸ್ಸು ಬರುವುದಿಲ್ಲ. ಬರುತ್ತದೆ, ಆದರೆ ಹೇಳುವುದಿಲ್ಲ.

ಹೆರಿಗೆ ರಜೆ ಮುಗಿದು ಇವತ್ತು ಕೆಲಸಕ್ಕೆ ಮರಳಿದೆ. ಮಗುವನ್ನು ನೋಡಿಕೊಳ್ಳಲು ಅತ್ತೆ ಬಂದಿದ್ದಾರೆ. ಬಂದ ಮಾರನೆಯ ದಿನವೇ ಪಾಪಚ್ಚಿ ಅವರ ಚಾಚಿದ ಕಾಲಿನ ಮೇಲೆ ಗಾಢ ನಿದ್ದೆ ಹೋದಳು. ನನ್ನ ತೋಳಿಗೆ ಬಂದರೆ ಯಾರೋ ಸ್ವಿಚ್ ಒತ್ತಿದಂತೆ ಕಣ್ಣು ಬಿಡುತ್ತಾಳೆ.

ಹೊರಡುವಾಗ ಅತ್ತೆ ಕೇಳಿದರು, "ಅಲ್ಲಿ ಹೋಗಿ ಏನು ಮಾಡ್ತೀಯಮ್ಮ ನೀನು? ಇವನನ್ನ ಕೇಳಿದ್ರೆ ಸೈನ್ಸು ಅಂತಾನೆ."

"ತೂಕ ಹಾಕ್ತೀವಿ ಅತ್ತೆ. ಪರಮಾಣು ಒಳಗಿನ ನ್ಯೂಕ್ಲಿಯಸ್ ಇರುತ್ತಲ್ಲ, ಅದರದ್ದು. ನಾವು ಹಿಡಿಯೋ ಜಾತಿ ಹುಟ್ಟಿ ಕಣ್ಣು ಮಿಟುಕಿಸೋದ್ರೊಳಗೆ ಅರ್ಧಕ್ಕರ್ಧ ಸತ್ತು ಹೋಗಿರುತ್ತೆ."

"ಥೂ, ಬಿಡ್ತು ಅನ್ನು. ಮನೇಲಿ ಹಸುಗೂಸು ಇಟ್ಕೊಂಡು ಎಂಥ ಮಾತು!"

ಬಿಡ್ತು ಎಂದೆ. ಆಮೇಲೆ ಅವರೇ ಬಿಡಲಿಲ್ಲ. ಸಾಯೋದನ್ನ ತಕ್ಕಡಿಗೆ ಹೇಗೆ ಹಾಕ್ತೀರಿ ಎಂದರು. ಒಂದು ದೊಡ್ಡ ಅಯಸ್ಕಾಂತ, ಅದರ ನಡುವೆ ಒಂದು ಚಿಕ್ಕ ಬೋನು. ಅದರೊಳಗೆ ಸಿಕ್ಕಿಸಿದರೆ ಗಿರಗಿರ ಸುತ್ತುತ್ತದೆ. ಹಗುರ ಇದ್ದರೆ ಬೇಗ, ಭಾರ ಇದ್ದರೆ ನಿಧಾನ. ಎಷ್ಟು ಸುತ್ತು ಎಂದು ತಿಳಿದರೆ ತೂಕವೂ ತಿಳಿದಂತೆ, ಎಂದು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದೆ.

"ಗಂಡ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರನ್ನ ಬಿಡಿಸ್ತಾನೆ, ಹೆಂಡತಿ ಹಿಡಿದು ಒಳಗೆ ಹಾಕ್ತಾಳೆ. ಸರಿಯಾಗಿದೆ ಜೋಡಿ" ಎಂದರು.

ಬಸ್ಸಿನಲ್ಲಿ ನೆನಪಾಗಿ ನಕ್ಕೆ. ನಕ್ಕ ಮೇಲೆ, ಮಗುವನ್ನು ಬಿಟ್ಟು ಬಂದು ನಗುತ್ತಿದ್ದೇನಲ್ಲ ಎನಿಸಿತು.

ಮಾರ್ಚ್ 5, ಬುಧವಾರ

ನಾವು ತೂಗುವ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳು, ಧಾರೆಯಾಗಿ ಬರುವ ಬೀಮ್ ಶುರುವಾಗಿದೆ. ಈ ತಿಂಗಳು ನಮ್ಮ ಗುಂಪಿಗೆ ಸಿಕ್ಕಿರುವುದು ಹದಿನೈದನೇ ತಾರೀಖಿನವರೆಗೆ ಮಾತ್ರ. ಅದಾದ ಮೇಲೆ ಯಂತ್ರ ಬೇರೆಯವರದು. ಮೂರು ಪಾಳಿ. ಸಂಜೆಯದು ನಮ್ಮ ಗುಂಪಿನ ಮುಖ್ಯಸ್ಥೆ, ಅಂದರೆ ಮೇಡಂ ಅವರದು. ರಾತ್ರಿಯದು ಪಿಎಚ್‌ಡಿ ಮಾಡುತ್ತಿರುವ ಹುಡುಗನದು. ಅವನಿಗೆ ಎಲ್ಲರೂ ರಾಕೆಟ್ ಎನ್ನುತ್ತಾರೆ, ಮಾತಿಗೂ ನಡಿಗೆಗೂ ಅದೇ ವೇಗ. ಕೈಕೂಸಿನ ತಾಯಿ ಎಂದು ನನಗೆ ಬೆಳಗಿನ ಪಾಳಿ.

ಹಳೆಯ ಕುರ್ಚಿ, ಒಂದು ಕೈ ಮುರಿದದ್ದು, ಹಾಗೇ ಇದೆ. ಪಂಪುಗಳ ಗುಂಯ್ ಸದ್ದು ಹಾಗೇ ಇದೆ. ಕೆಲಸವೂ ಅದೇ. ಗೇಟು ತೆರೆದು ಅಯಾನುಗಳನ್ನು ಬೋನಿಗೆ ಬಿಡುವುದು, ಮುಚ್ಚುವುದು, ಸುತ್ತಿಸುವುದು, ಹೊರಕ್ಕೆ ತಳ್ಳಿ ಎಣಿಸುವುದು, ಮತ್ತೆ ಮೊದಲಿಂದ. ಅಯಸ್ಕಾಂತ ಸರಿಯಿದೆಯೇ ಎಂದು ನಡುನಡುವೆ ತೂಕ ಗೊತ್ತಿರುವ ಅಯಾನನ್ನು ಬಿಟ್ಟು ನೋಡುವುದು. ನನ್ನ ಕೈ ಮೊದಲಿನಷ್ಟು ಚುರುಕಿಲ್ಲ. ಪರದೆಯ ಮೇಲೆ, ಎಣಿಸಿದ ಅಯಾನಿಗೊಂದರಂತೆ, ಚುಕ್ಕಿಗಳು ಒಟ್ಟೊಟ್ಟಿಗೆ ಉದುರಿದರೆ ಗಾಬರಿಯಾಗುತ್ತದೆ. ಒಂದು, ಆಮೇಲೆ ಒಂದು, ಹೀಗೆ ಬಂದರೆ ಉಸಿರಾಡಬಹುದು.

ಮಾರ್ಚ್ 6, ಗುರುವಾರ

ಪಾಳಿ ಬದಲಾಗುವಾಗ ರಾಕೆಟ್ ತಲೆ ಕೆರೆಯುತ್ತ ನಿಂತಿದ್ದ.

"ಅಕ್ಕ, ಬೈಕೋಬೇಡಿ. ನಿಮ್ಮ ಶಿಫ್ಟಿನ ಅಂಕಿ ಬೇರೆ ಬರ್ತಿದೆ."

"ಎಷ್ಟು ಬೇರೆ?"

"ನಮಗಿಂತ ಹಗುರ. ಕೋಟಿಯಲ್ಲಿ ಮೂರು ಭಾಗ."

ಕೋಟಿಯಲ್ಲಿ ಮೂರು ಭಾಗ! ಹೊರಗಿನವರು ಇದನ್ನು ಕೇಳಿದರೆ ಇದಕ್ಕೇ ಇಷ್ಟು ಮುಖ ಚಿಕ್ಕದು ಮಾಡಿಕೊಂಡೆಯಾ ಎಂದಾರು. ಆದರೆ ಇಲ್ಲಿ ಇಡೀ ಕಥೆ ಆ ಮೂರು ಭಾಗದಲ್ಲೇ ಇದೆ. ತೂಕ ಹೆಚ್ಚಿದಷ್ಟೂ ಕೂಡಿಕೆ ಸಡಿಲ. ರಾತ್ರಿಯ ಅಂಕಿ ನಿಜವಾದರೆ ಈ ನ್ಯೂಕ್ಲಿಯಸ್ಸು ಎಲ್ಲರೂ ತಿಳಿದಷ್ಟು ಬಿಗಿಯಾಗಿ ಕೂಡಿಕೊಂಡಿಲ್ಲ, ಸಡಿಲವಾಗಿದೆ. ಪುಸ್ತಕದ ಒಂದು ಪಾಠವನ್ನೇ ತಿದ್ದಬೇಕಾಗುತ್ತದೆ. ಮೇಡಂ ಹತ್ತು ವರ್ಷದಿಂದ ಹೀಗಿರಬೇಕು ಎನ್ನುತ್ತ ಬಂದಿದ್ದಾರೆ. ನನ್ನ ಅಂಕಿ ನಿಜವಾದರೆ ಹಳೆಯ ಪಾಠವೇ ಸರಿ, ಹೇಳುವಂಥ ಸುದ್ದಿ ಏನೂ ಇಲ್ಲ.

ಎಲ್ಲವನ್ನೂ ಮತ್ತೆ ನೋಡಿದೆ. ವೋಲ್ಟೇಜು, ಕಾಲ, ಒತ್ತಡ. ಎಲ್ಲ ಸರಿಯಿದೆ. ಸರಿಯಿಲ್ಲದ್ದು ಅಲ್ಲಿ ನಾನೊಬ್ಬಳೇ.

ಮಾರ್ಚ್ 7, ಶುಕ್ರವಾರ

ಹಾಲು ಹಿಂಡಿಕೊಳ್ಳಲು ನನಗೆ ಕೊಟ್ಟಿರುವುದು ಹಳೆಯ ವ್ಯಾಕ್ಯೂಮ್ ಪಂಪುಗಳನ್ನಿಡುವ ಕೋಣೆ. ಬಾಗಿಲ ಮೇಲೆ ದೊಡ್ಡದಾಗಿ 'ಪಂಪ್ ರೂಂ' ಎಂದೇ ಇದೆ. ರಾಕೆಟ್‌ಗೆ ಇದು ಹೊಟ್ಟೆ ಹುಣ್ಣಾಗುವ ಜೋಕು, ನನ್ನೆದುರು ನಗಲು ಧೈರ್ಯವಿಲ್ಲ ಅಷ್ಟೆ. ಒಳಗೆ ಎಣ್ಣೆ ವಾಸನೆ. ಕಬ್ಬಿಣದ ಪಂಪುಗಳ ನಡುವೆ ಕುಳಿತು ಮನೆಗೆ ಫೋನು ಮಾಡುತ್ತೇನೆ.

"ಏನ್ಮಾಡ್ತಿದ್ದಾಳೆ ಅತ್ತೆ?"

"ಮಲಗಿದಾಳೆ."

"ಉಸಿರಾಡ್ತಿದ್ದಾಳಾ?"

"ಇಲ್ಲಮ್ಮ, ಅದನ್ನ ನಿಲ್ಸಿ ಮಲಕ್ಕೋ ಅಂದೆ." ಆಮೇಲೆ, "ಈಗ ತಾನೆ ಮಾಡಿದ್ಯಲ್ಲ ಫೋನು? ನಿಂಗೆ ಅಲ್ಲಿ ಕೆಲಸ ಇಲ್ವಾ?"

ಕೆಲಸ ಇದೆ. ಅದೂ ಸರಿಯಾಗಿ ಆಗುತ್ತಿಲ್ಲ ಎಂದು ಅವರಿಗೆ ಹೇಳಲಿಲ್ಲ. ಅಂಕಿ ಇವತ್ತೂ ಹಗುರ.

ಮಾರ್ಚ್ 9, ಭಾನುವಾರ

ಮೇಡಂ ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಕೊಂಡು ಬನ್ನಿ ಎಂದರು.

"ನಿದ್ದೆ ಮಾಡ್ತಿದ್ದೀರಾ?"

"ಮಾಡ್ತಿದ್ದೀನಿ ಮೇಡಂ."

"ಸುಳ್ಳು ಹೇಳೋಕೂ ಒಂದು ಮುಖ ಬೇಕು, ನಿಮ್ಮದನ್ನ ಕನ್ನಡಿಯಲ್ಲಿ ನೋಡ್ಕೊಳ್ಳಿ." ಬೈಗುಳವಲ್ಲ ಅದು. ಮೆತ್ತಗೇ ಹೇಳಿದರು, ಅದೇ ಕಷ್ಟವಾಯಿತು. "ನೋಡಿ, ರಾತ್ರಿ ಶಿಫ್ಟು, ನನ್ನ ಶಿಫ್ಟು ಎರಡೂ ಒಂದೇ ಮಾತು ಹೇಳ್ತಿವೆ. ನಿಮ್ಮದೊಂದು ಮಾತ್ರ ಬೇರೆ. ನೀವು ತಪ್ಪು ಮಾಡ್ತಿದ್ದೀರಿ ಅಂತ ನಾನು ಹೇಳ್ತಿಲ್ಲ."

"ಮತ್ತೆ?"

"ಸರಾಸರಿ ತೆಗೆಯುವಾಗ ಬೆಳಗಿನ ಶಿಫ್ಟನ್ನ ಬಿಟ್ಟುಬಿಡೋಣ. ಯಾರೂ ಏನೂ ಅಂದ್ಕೊಳ್ಳಲ್ಲ. ಗುರುವಾರದಿಂದ ನಿಮ್ಮ ಬದಲಿಗೆ ಯಾರನ್ನಾದ್ರೂ ಕೂರಿಸ್ತೀನಿ. ನೀವು ಮನೇಲಿದ್ದು ಸುಧಾರಿಸ್ಕೊಳ್ಳಿ."

ಸರಿ ಮೇಡಂ ಎಂದೆ. ಥ್ಯಾಂಕ್ಸ್ ಎಂದೂ ಹೇಳಿದೆ. ಯಾಕೆ ಹೇಳಿದೆನೋ. ಮೇ ತಿಂಗಳಲ್ಲಿ ನನ್ನ ಕೆಲಸದ ಕರಾರು ಮುಗಿಯುತ್ತದೆ. ಹೊಸದು ಬರೆಯುವವರು ಮೇಡಂ. ಸುಧಾರಿಸಿಕೊಳ್ಳಲು ಕಳಿಸಿದವರನ್ನು ಮತ್ತೆ ಕರೆದದ್ದನ್ನು ನಾನು ಈ ಕಟ್ಟಡದಲ್ಲಿ ನೋಡಿಲ್ಲ.

ಮನೆಯಲ್ಲಿ ಇವನಿಗೆ ಹೇಳಿದೆ. "ಒಳ್ಳೇದೇ ಆಯ್ತಲ್ಲೇ, ಸ್ವಲ್ಪ ದಿನ ಆರಾಮಾಗಿರು" ಎಂದ. ಅವನಿಗೆ ಅರ್ಥವಾಗುವಂತೆ ಹೇಳಬೇಕೆಂದು, "ನೀನು ಸರಿಮಾಡಿದ ಲಿಫ್ಟಿಗೆ ಮಾತ್ರ ಜನ ಹತ್ತಬಾರದು ಅಂತ ಬೋರ್ಡ್ ಹಾಕಿದ್ರೆ ಹೇಗಿರುತ್ತೆ?" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಬಂದು, "ಲಿಫ್ಟು ಕೆಟ್ಟಿದ್ಯೋ ಇಲ್ವೋ ಅದನ್ನ ಮೊದಲು ನೋಡಿದ್ರಾ?" ಎಂದು ಕೇಳಿದ.

ಮಾರ್ಚ್ 10, ಸೋಮವಾರ

ಬರೆಯುವಂಥದ್ದೇನಿಲ್ಲ. ನನ್ನ ಕೈ ತಗುಲಿದ್ದೆಲ್ಲ ಕೆಡುತ್ತದೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಅತ್ತೆಯ ಜೊತೆ ಜಗಳವಾಯಿತು. ನಾನು ಸ್ನಾನ ಮುಗಿಸಿ ಬಂದೆ, ಪಾಪಚ್ಚಿ ಅವರ ಕಾಲ ಮೇಲೆ ಮಲಗಿದ್ದಳು. ಅಲುಗಾಟವಿಲ್ಲ. ಅಷ್ಟೊಂದು ನಿಶ್ಚಲ. ಹೋಗಿ ಎತ್ತಿಕೊಂಡೆ. ಎತ್ತಿಕೊಂಡೆ ಎಂದೇನು, ಕಿತ್ತುಕೊಂಡೆ. ಅವಳು ಕಿಟಾರನೆ ಕಿರುಚಿದಳು. ಬದುಕಿದ್ದಳು.

"ಏನು ನನ್ನ ಕೈಲಿ ಮುಳ್ಳಿದೆಯಾ?" ಎಂದರು ಅತ್ತೆ. "ಮೂರು ಹೆತ್ತು ಸಾಕಿದೀನಿ ನಾನು. ಒಂದಂತೂ ನಿನಗೆ ಕಟ್ಕೊಳ್ಳೋಷ್ಟು ಚೆನ್ನಾಗಿ ಬೆಳೀತು."

"ನನ್ನ ಮಗು ಅತ್ತೆ ಇದು."

"ಹಾಗಾದ್ರೆ ನೀನೇ ನೋಡ್ಕೋ. ನಾನ್ಯಾಕೆ ಬಂದೆ?"

ಇವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಇಬ್ಬರನ್ನೂ ನೋಡುತ್ತ ನಿಂತಿದ್ದ. ಏನೋ ಹೇಳಲು ಹೋಗಿ ನೊರೆ ನುಂಗಿ ಕೆಮ್ಮತೊಡಗಿದ. ನಾನು ಮಗುವನ್ನು ಅವನ ಕೈಗೆ ಕೊಟ್ಟು, ಏನೂ ತಿನ್ನದೆ, ಹೊತ್ತಿಗೆ ಮುಂಚೆಯೇ ಬಸ್ಸು ಹತ್ತಿದೆ.

ಹಾಗಾಗಿ ರಾಕೆಟ್‌ನ ಪಾಳಿ ಇನ್ನೂ ನಡೆಯುತ್ತಿರುವಾಗಲೇ ತಲುಪಿದೆ. ಬೇರೆ ದಿನಗಳಲ್ಲಿ ನಾನು ಬರುವಷ್ಟರಲ್ಲಿ ಅವನು ಎಲ್ಲ ನಿಲ್ಲಿಸಿ ಚೀಲ ಹೆಗಲಿಗೇರಿಸಿರುತ್ತಾನೆ. ಇವತ್ತು ಅವನ ಹಿಂದೆ ನಿಂತು ಪರದೆ ನೋಡಿದೆ. ಸಲಕ್ಕೆ ಆರು ಚುಕ್ಕಿ. ಏಳು. ಒಮ್ಮೆ ಒಂಬತ್ತು.

"ಏನೋ ಇದು, ಬಸ್ ಸ್ಟ್ಯಾಂಡಾ?"

"ಅಯ್ಯೋ ಅಕ್ಕ! ದೆವ್ವದ ಥರ ಬಂದು ನಿಲ್ಲಬೇಡಿ." ಕಣ್ಣುಜ್ಜಿಕೊಂಡ. "ಮತ್ತೆ ಇನ್ನೆಷ್ಟಿರಬೇಕು? ಬೀಮ್ ಇರೋದು ನಾಕು ದಿನ. ಬಂದಷ್ಟು ಬಾಚ್ಕೋಬೇಕು."

"ಗೇಟು ಎಷ್ಟು ಹೊತ್ತು ತೆಗೀತಿದ್ದೀಯ?"

"ಪೂರ್ತಿ. ಮೇಡಂ ಹೇಳ್ಕೊಟ್ಟಿದ್ದೇ ಹಾಗೆ. ನೀವೆಷ್ಟು ತೆಗೀತೀರ?"

"ಅದರ ಹತ್ತರಲ್ಲೊಂದು ಪಾಲು."

"ಯಾಕೆ?"

ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಎಷ್ಟು ಹೊತ್ತು ತೆರೆಯಬೇಕೆಂಬ ಕಟ್ಟುನಿಟ್ಟೇನೂ ಇಲ್ಲ, ಕೂತವರ ಇಷ್ಟ. "ಹೆದರಿಕೆ ಕಣೋ. ತುಂಬ ಬಂದ್ರೆ ನನಗೆ ನೋಡೋಕಾಗಲ್ಲ" ಎಂದೆ. ಅವನು ನಗಲಿಲ್ಲ. ನಾನೂ ನಗಲಿಲ್ಲ. ಇಬ್ಬರೂ ಪರದೆ ನೋಡಿದೆವು.

ಬೋನಿನೊಳಗೆ ಒಂದೇ ಜಾತಿಯವು ಎಷ್ಟು ತುಂಬಿದರೂ ಸುತ್ತು ಕೆಡುವುದಿಲ್ಲ. ಆದರೆ ಹೆಚ್ಚುಕಡಿಮೆ ಅದೇ ತೂಕದ ಬೇರೆ ಜಾತಿಯದೊಂದು ಜೊತೆಗೆ ನುಸುಳಿದರೆ ಒಂದನ್ನೊಂದು ತಳ್ಳುತ್ತವೆ, ಸುತ್ತು ನಿಧಾನವಾಗುತ್ತದೆ. ನಿಧಾನವಾದದ್ದು ನಮ್ಮ ಲೆಕ್ಕದಲ್ಲಿ ಭಾರ. ಇದನ್ನು ನಾವೆಲ್ಲ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೆ ತೂಕದ ಬೋನಿಗೆ ಮುಂಚಿನ ಇನ್ನೊಂದು ಬೋನಿನಲ್ಲೇ ಬೇರೆ ಜಾತಿಯವನ್ನೆಲ್ಲ ಸೋಸಿ ತೆಗೆಯುತ್ತೇವಲ್ಲ, ಒಳಗಿರುವುದು ಒಂದೇ ಜಾತಿ ಎಂದು ಎಲ್ಲರೂ ನಂಬಿಕೊಂಡಿದ್ದೆವು.

ಅಲ್ಲಿ ಸೋಸದೆ ಉಳಿದದ್ದು ಏನಾದರೂ ಇದ್ದರೆ?

ಮಾರ್ಚ್ 12, ಬುಧವಾರ

ನಿನ್ನೆ ಇಡೀ ಮಧ್ಯಾಹ್ನ ಮೂರೂ ಪಾಳಿಯ ದತ್ತಾಂಶವನ್ನು ಬೇರೆ ಬೇರೆ ಮಾಡಿದೆ. ಒಮ್ಮೆಗೆ ಒಂದೇ ಚುಕ್ಕಿ ಬಂದವು ಒಂದು ಕಡೆ, ಗುಂಪಾಗಿ ಬಂದವು ಇನ್ನೊಂದು ಕಡೆ. ರಾತ್ರಿ ಪಾಳಿಯಲ್ಲಿ ಒಂಟಿಯಾಗಿ ಬಂದವು ಬೆರಳೆಣಿಕೆಯಷ್ಟು. ಅವು ನನ್ನ ಅಂಕಿಯ ಕಡೆ ವಾಲುತ್ತಿದ್ದವು. ವಾಲುತ್ತಿದ್ದವು ಎಂದಷ್ಟೇ ಹೇಳಬಹುದು, ನಿಂತಿದ್ದವು ಎನ್ನಲಾಗುವುದಿಲ್ಲ.

ಇವತ್ತು ಬೆಳಿಗ್ಗೆ ಮೇಡಂ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿದರು.

"ಇಷ್ಟಕ್ಕೆ ನಾನು ತಲೆ ಅಲ್ಲಾಡಿಸೋಕೂ ಆಗಲ್ಲ."

"ಅದಕ್ಕೇ ಮೇಡಂ, ಉಳಿದ ಬೀಮ್ ಪೂರ್ತಿ ಚಿಕ್ಕ ಗೇಟಿನಲ್ಲಿ ಮಾಡೋಣ. ಆಮೇಲೆ ಕೂತು ಹುಡುಕಿದ್ರೆ ಒಂಟಿಯವು ಸಾಕಷ್ಟು ಸಿಗಲ್ಲ."

"ಅಂದ್ರೆ ಉಳಿದಿರೋ ಹೊತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಎಸೀಬೇಕು. ನಿಮ್ಮ ಒಂದು ಅನುಮಾನಕ್ಕೆ."

"ಹೌದು."

ಹೌದು ಎಂದುಬಿಟ್ಟೆ.

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ನಿಮ್ಮ ಅಂಕಿ ಬೇರೆ ಬರೋದು ನಿಮ್ಮ ಗೇಟಿನಿಂದಲೋ ನಿಮ್ಮಿಂದಲೋ, ಅದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಎರಡನ್ನೂ ಬೇರೆ ಮಾಡೋಣ. ನಾಳೆ ಬೆಳಿಗ್ಗೆ ರಾಕೆಟ್ ಕೂತ್ಕೊಳ್ಳಲಿ, ನಿಮ್ಮ ಗೇಟಿನಲ್ಲಿ. ಆಮೇಲೆ ನನ್ನ ಶಿಫ್ಟಿಗೆ ನೀವು ಕೂತ್ಕೊಳ್ಳಿ, ಪೂರ್ತಿ ಗೇಟಿನಲ್ಲಿ. ಅವನು ಕೂತಿರುವಾಗ ನೀವು ಏನನ್ನೂ ಮುಟ್ಟೋ ಹಾಗಿಲ್ಲ. ಬಾಯಿ ಕೂಡ ಹಾಕೋ ಹಾಗಿಲ್ಲ. ಅಂಕಿ ಗೇಟಿನ ಹಿಂದೆ ಹೋದ್ರೆ ನೀವು ಗೆದ್ರಿ. ನಿಮ್ಮ ಹಿಂದೆ ಬಂದ್ರೆ..."

ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದರು.

ಎರಡು ಪಾಳಿ ಎಂದರೆ ಬೆಳಿಗ್ಗೆ ಹೋದವಳು ಪಾಪಚ್ಚಿ ಮಲಗಿದ ಮೇಲೆ ಬರಬೇಕು. ಅತ್ತೆಯನ್ನು ಕೇಳಬೇಕಿತ್ತು. ನಿನ್ನೆಯಿಂದ ನಮ್ಮಿಬ್ಬರಿಗೂ ಮಾತಿಲ್ಲ, ಮಗುವಿನ ಮೂಲಕ ಮಾತಾಡುತ್ತಿದ್ದೇವೆ. "ನಿಮ್ಮಮ್ಮಂಗೆ ಕಾಫಿ ಬೇಕಂತಾ ಕೇಳು" ಎಂದು ಅವರು, "ಅಜ್ಜಿಗೆ ಬೇಡ ಅಂತ ಹೇಳು" ಎಂದು ನಾನು. ಬಟ್ಟೆ ಮಡಚುತ್ತಿದ್ದವರ ಎದುರು ಹೋಗಿ ಕುಳಿತೆ.

"ಅತ್ತೆ, ನಾಳೆ ಇಡೀ ದಿನ ನೀವೇ ನೋಡ್ಕೋಬೇಕು."

"ಯಾರ ಮಗುವನ್ನ?"

"ನಮ್ಮ ಮಗುವನ್ನ."

ಒಂದು ಅಂಗಿಯನ್ನು ಎರಡು ಸಲ ಮಡಚಿದರು. "ಹಾಲು ಜಾಸ್ತಿ ಇಟ್ಟು ಹೋಗು" ಎಂದರು.

ಮಾರ್ಚ್ 13, ಗುರುವಾರ

ಬಹಳ ಬರೆಯಬೇಕು. ಕೈ ಓಡುತ್ತಿಲ್ಲ. ಆದರೂ.

ಬೆಳಿಗ್ಗೆ ನನ್ನ ಮುರಿದ ಕುರ್ಚಿಯಲ್ಲಿ ರಾಕೆಟ್ ಕುಳಿತ. ನಾನು ಪಕ್ಕದ ಸ್ಟೂಲಿನಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ. ಮೇಡಂ ಹಿಂದೆ ನಿಂತಿದ್ದರು. ಅವನು ಗೇಟನ್ನು ಹತ್ತರಲ್ಲೊಂದಕ್ಕೆ ಇಳಿಸಿದ. ಚುಕ್ಕಿಯೇ ಇಲ್ಲ. ಮತ್ತೆ ಇಲ್ಲ. ಒಂದು. ಇಲ್ಲ. ಒಂದು.

"ಅಕ್ಕ, ಇಷ್ಟು ದಿನ ಹಿಂಗೇ ಕಾದ್ರಾ? ಮೀನು ಹಿಡಿಯೋರಿಗೂ ಇಷ್ಟು ತಾಳ್ಮೆ ಇರಲ್ಲ."

ಅವನ ಕೈ ನನ್ನ ಕೈಯಂತಲ್ಲ. ಮೌಸನ್ನು ಕುಟ್ಟುತ್ತಾನೆ. ತೂಕ ಗೊತ್ತಿರುವ ಅಯಾನನ್ನು ನೋಡುವ ಹೊತ್ತಾಯಿತೆಂದು ನನಗೆ ಗೊತ್ತು, ಅವನು ಇನ್ನೂ ನೋಡುತ್ತಿಲ್ಲ. ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಹೇಳುವಂತಿಲ್ಲ. ಅವನೇ ನೋಡಿದ. ನಾನು ನೋಡುತ್ತಿದ್ದುದಕ್ಕಿಂತ ತಡವಾಗಿ, ಆದರೆ ನೋಡಿದ.

"ಅಕ್ಕ, ನೀವು ಹೀಗೆ ಉಸಿರು ಬಿಗಿ ಹಿಡ್ಕೊಂಡು ಪಕ್ಕದಲ್ಲಿ ಕೂತ್ರೆ ನನಗೇ ಹೆರಿಗೆ ಆಗುತ್ತೆ."

ಮೇಡಂ ಜೋರಾಗಿ ನಕ್ಕರು. ಅವರು ನಗುವುದನ್ನು ನಾನು ಕೇಳಿದ್ದು ಅಪರೂಪ.

ಊಟದ ಹೊತ್ತಿಗೆ ಅವನ ಅಂಕಿ ಬಂತು. ಹಗುರ. ನನ್ನದರ ಪಕ್ಕದಲ್ಲೇ, ಭುಜಕ್ಕೆ ಭುಜ ಹಚ್ಚಿ ನಿಂತ ಹಾಗೆ. ಮೇಡಂ, "ಇನ್ನೊಂದು ಅರ್ಧ ಉಳಿದಿದೆ" ಎಂದರು.

ಮಧ್ಯಾಹ್ನ ನಾನು ಕುಳಿತೆ. ಗೇಟು ಪೂರ್ತಿ. ಐದು, ಏಳು, ಆರು, ದಬದಬ ಉದುರುತ್ತಿವೆ. ಬೆವರಿದೆ. ಆದರೂ ಕೈ ತಪ್ಪಲಿಲ್ಲ. ಪಂಪ್ ರೂಮಿಗೆ ಹೋಗುವಾಗ ಮಾತ್ರ ಮೇಡಂ ನನ್ನ ಜಾಗದಲ್ಲಿ ಕುಳಿತು ಎಲ್ಲ ನಿಲ್ಲಿಸಿಟ್ಟರು. ಸಂಜೆ ಅಂಕಿ ಬಂತು. ಭಾರ. ಅವರದೇ ಅಂಕಿ, ನನ್ನ ಕೈಯಿಂದ.

ತಮ್ಮ ಕೈಯಿಂದ ತಪ್ಪು ಅಂಕಿ ಬಂದದ್ದಕ್ಕೆ ಇಷ್ಟು ಸಂತೋಷಪಟ್ಟವರು ಈ ಕಟ್ಟಡದಲ್ಲಿ ಇರಲಾರರು. ರಾಕೆಟ್ ಮೇಜು ಗುದ್ದಿದ. ತಿರುಗಿ ನೋಡಿದರೆ ಮೇಡಂ ಇರಲಿಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, "ಇವತ್ತು ಫೋನೇ ಇಲ್ಲ? ಕೆಟ್ಟಿದ್ಯೇನೋ ಅಂತ ನಾನೇ ಎರಡು ಸಲ ಎತ್ತಿ ನೋಡ್ದೆ" ಎಂದರು. ಗಲಾಟೆಯಲ್ಲಿದ್ದೆ ಎಂದೆ. ಪಂಪ್ ರೂಮಿನಲ್ಲಿ ಏನು ಮಾಡುತ್ತ ಕುಳಿತಿದ್ದೆ ಎಂದು ನೆನಪಿಸಿಕೊಂಡೆ. ಆ ನುಸುಳಿದ ಜಾತಿ ಯಾವುದಿರಬಹುದು ಎಂದು ಯೋಚಿಸುತ್ತಿದ್ದೆ.

ಮಾರ್ಚ್ 14, ಶುಕ್ರವಾರ

ಮೇಡಂ ಬೆಳಿಗ್ಗೆಯೇ ಬಂದಿದ್ದರು. ಉಳಿದ ಬೀಮ್ ಎಲ್ಲ ಚಿಕ್ಕ ಗೇಟಿನಲ್ಲೇ ಎಂದು ಹಲಗೆಯ ಮೇಲೆ ಬರೆದಿದ್ದರು. ಚಹಾ ತರಲು ಹೋದಾಗ ಫ್ಲಾಸ್ಕಿನ ಹತ್ತಿರ ಅವರೊಬ್ಬರೇ ನಿಂತಿದ್ದರು.

"ಹತ್ತು ವರ್ಷ. ಹೊಸದೊಂದು ಸಿಕ್ತು ಅಂದ್ಕೊಂಡಿದ್ದೆ" ಎಂದರು. "ನಿಮಗೆ ಖುಷಿನಾ?"

"ನಿನ್ನೆ ಆಗಿತ್ತು ಮೇಡಂ. ಇವತ್ತಿಲ್ಲ."

"ನಿಮ್ಮ ಶಿಫ್ಟನ್ನ ಬಿಟ್ಟುಬಿಡೋಣ ಅಂದಾಗ ಸರಿ ಅಂತ ಹೋದ್ರಲ್ಲ. ಥ್ಯಾಂಕ್ಸ್ ಬೇರೆ ಹೇಳಿದ್ರಿ. ಯಾಕೆ?"

"ತಪ್ಪು ನನ್ನದೇ ಅಂತ ಖಾತ್ರಿ ಇತ್ತು."

"ನಮ್ಮ ಅಂಕಿ ನನ್ನ ಮನಸ್ಸಿಗೆ ಹಿಡಿಸಿತ್ತು, ಅದಕ್ಕೇ ನನಗೂ ಖಾತ್ರಿ ಇತ್ತು." ಚಹಾ ಕುಡಿದು ಮುಖ ಕಿವುಚಿದರು. "ಇದಕ್ಕೆ ಸಕ್ಕರೆ ಹಾಕಿದ್ದು ಯಾರು, ರಾಕೆಟ್ಟಾ? ಅವನು ಚಹಾಕ್ಕೂ ಗೇಟು ಪೂರ್ತಿ ತೆಗೀತಾನೆ."

ಹೇಳಿ ಹೋದರು. ಕರಾರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದು ನೆನಪೇ ಆಗಲಿಲ್ಲ, ಈಗ ಬರೆಯುವಾಗ ಆಯಿತು.

ಮಾರ್ಚ್ 15, ಶನಿವಾರ

ಬೀಮ್ ನಿಂತಿತು. ಕೊನೆಯ ಪಾಳಿಯಲ್ಲಿ ಒಂದೊಂದು ಚುಕ್ಕಿಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಬಂದದ್ದು ಸ್ವಲ್ಪ. ಸಾಕಾದೀತು. ಪಾಪಚ್ಚಿಗೆ ನೆಗಡಿ, ಮೂಗು ಕಟ್ಟಿ ಗೊರಗೊರ ಎನ್ನುತ್ತಾಳೆ. ಇವನು ಎತ್ತಿಕೊಂಡು ಓಡಾಡುತ್ತಿದ್ದಾನೆ. ನಾನು ಮಲಗುತ್ತೇನೆ.

ಮಾರ್ಚ್ 19, ಬುಧವಾರ

ಮೂರು ದಿನದಿಂದ ಒಂದು ಗೆರೆ ನನ್ನನ್ನು ಕಾಡುತ್ತಿದೆ. ಒಮ್ಮೆಗೆ ಎಷ್ಟು ಚುಕ್ಕಿ, ಅದಕ್ಕೆ ಎಷ್ಟು ತೂಕ ಎಂದು ಬಿಂದುಗಳನ್ನಿಟ್ಟು ಎಳೆದ ಗೆರೆ. ಒಂಬತ್ತರಿಂದ ಒಂದರವರೆಗೆ ಇಳಿಯುತ್ತ ಬಂದು ನನ್ನ ಅಂಕಿಯ ಹತ್ತಿರ ನಿಲ್ಲುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದಾರೆ. ಮೇಡಂ ಬರೆಯುತ್ತಿರುವ ಲೇಖನದಲ್ಲೂ ಈಗ ಅದೇ ಅಂಕಿ, ನನ್ನ ಬೆಳಗಿನ ಪಾಳಿಯದು.

ಇವತ್ತು ಬೆಳಿಗ್ಗೆ ಮಗುವಿನ ಮೂಗು ಒರೆಸುತ್ತಿರುವಾಗ ಹೊಳೆಯಿತು. ಎಣಿಸುವ ಆ ಸಾಧನ ಮೂರು ಬಂದರೆ ಒಂದನ್ನು ಮಾತ್ರ ನೋಡುತ್ತದೆ. ಇದೂ ಎಲ್ಲರಿಗೂ ಗೊತ್ತಿರುವುದೇ. ಹಾಗಿದ್ದ ಮೇಲೆ ನನ್ನ ಪರದೆಯಲ್ಲಿ ಒಂದು ಚುಕ್ಕಿ ಬಿದ್ದಾಗ ಬೋನಿನೊಳಗೆ ಮೂರು ಇದ್ದಿರಬಹುದು. ನಾನು ಒಂದೊಂದಾಗಿ ಬಿಟ್ಟೆ ಎಂದು ಹೇಳಿಕೊಂಡದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೆರೆಯನ್ನು ಒಂದಕ್ಕೆ ನಿಲ್ಲಿಸದೆ ಇನ್ನೂ ಕೆಳಗೆ, ಬೋನಿನೊಳಗೆ ನಿಜಕ್ಕೂ ಒಂದೇ ಇರುವಲ್ಲಿಯವರೆಗೆ, ಎಳೆಯಬೇಕು.

ಎಳೆದೆ. ಮೇಡಂ ಕೋಣೆಗೆ ಹೋದೆ. ಅವರು ಫೋನಿನಲ್ಲಿದ್ದರು, ಕೈ ಸನ್ನೆ ಮಾಡಿ ಕೂರಿಸಿದರು. ಮುಗಿದ ಮೇಲೆ ಏನು ಎಂಬಂತೆ ನೋಡಿದರು.

"ಮೇಡಂ, ನನ್ನ ಅಂಕಿಯೂ ತಪ್ಪು."

"ಏನು?"

"ಬೆಳಗಿನ ಶಿಫ್ಟಿಂದು. ಅದೂ ಸ್ವಲ್ಪ ಭಾರ ಬಂದಿದೆ. ನಿಮ್ಮದರಷ್ಟಲ್ಲ."

ಎರಡು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಿಮ್ಮನ್ನ ಗೆಲ್ಲಿಸಿದ್ರೂ ಬಿಡಲ್ವಲ್ರೀ ನೀವು. ಎಷ್ಟು ತಪ್ಪು?"

"ಕೋಟಿಯಲ್ಲಿ ಕಾಲು ಭಾಗ. ಅದಕ್ಕಿಂತ ಚೂರು ಜಾಸ್ತಿ ಇರಬಹುದು."

"ಚೂರು ಅಂದ್ರೆ?"

"ಅದನ್ನೇ ಇನ್ನೂ ಲೆಕ್ಕ ಹಾಕ್ತಿದ್ದೀನಿ."

"ಹಾಕಿ. ಆ ಭಾಗ ನೀವೇ ಬರೀರಿ. ಗೆರೆಯದು, ಗೇಟಿಂದು, ಅದಲುಬದಲು ಮಾಡಿದ್ದು, ಎಲ್ಲ. ಜೂನ್ ಒಳಗೆ ಮುಗಿಸೋಣ."

ಜೂನ್ ಎಂದರು. ಬಾಗಿಲಿನ ಹತ್ತಿರ ಬಂದ ಮೇಲೆ ತಿಳಿಯಿತು, ಮೇ ಆದ ಮೇಲೆ ಬರುವುದು ಜೂನ್. ತಿರುಗಿ ಕೇಳೋಣವೇ ಎನಿಸಿತು. ಅವರು ಆಗಲೇ ಮತ್ತೊಂದು ಫೋನು ಎತ್ತಿಕೊಂಡಿದ್ದರು.

ನನ್ನ ಜಾಗಕ್ಕೆ ಬಂದು ಲೆಕ್ಕ ಹಿಡಿದಿದ್ದೆ, ಫೋನು ಹೊಡೆದುಕೊಂಡಿತು. ಅತ್ತೆ. ಹಿಂದೆ ಪಾಪಚ್ಚಿ ಕಟ್ಟಡವೇ ಬೀಳುವ ಹಾಗೆ ಅಳುತ್ತಿದ್ದಳು.

"ಬೆಳಿಗ್ಗೆಯಿಂದ ಹಿಂಗೇ ಕಣಮ್ಮ. ಕಾಲ ಮೇಲೆ ಹಾಕ್ಕೊಂಡೆ, ಹೆಗಲ ಮೇಲೆ ಹಾಕ್ಕೊಂಡೆ, ಏನು ಮಾಡಿದ್ರೂ ನನ್ನ ಹತ್ರ ಮಲಗ್ತಿಲ್ಲ. ನಾನೇನೋ ಸರಿಯಾಗಿ ಮಾಡ್ತಿಲ್ವೋ ಏನೋ..." ಅವರ ದನಿ ಒಡೆದಿತ್ತು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮೈ ಬಿಸಿ ಇದೆಯಾ ಅತ್ತೆ?"

"ಇಲ್ಲ."

"ಹಾಲು ಕುಡಿದ್ಳಾ?"

"ಹೂಂ, ಕುಡಿದ್ಳು."

"ಹಾಗಾದ್ರೆ ನೆಗಡಿ ರಗಳೆ ಅಷ್ಟೆ, ಅತ್ಕೊಳ್ಳಲಿ ಬಿಡಿ ಸ್ವಲ್ಪ ಹೊತ್ತು. ನಿಮ್ಮ ಕೈಲಿ ಏನೂ ತಪ್ಪಿಲ್ಲ. ಬಾಗಿಲು ತೆಗೆದು ಗಾಳಿಗೆ ಕೂತ್ಕೊಳ್ಳಿ, ನೀವೂ ಒಂದು ಲೋಟ ಕಾಫಿ ಕುಡೀರಿ. ನಾನು ನಾಕಕ್ಕೆ ಹೊರಡ್ತೀನಿ."

ಫೋನಿಟ್ಟು ಪರದೆಗೆ ತಿರುಗಿದೆ. ಗೆರೆಯ ಕೆಳತುದಿಯಲ್ಲಿ ಬಿಂದುಗಳು ಕಡಿಮೆ, ಅದಕ್ಕೇ ಅದು ಎಲ್ಲಿ ನಿಲ್ಲಬೇಕೆಂದು ಇನ್ನೂ ಗಟ್ಟಿಯಾಗಿ ಹೇಳಲಾಗುತ್ತಿಲ್ಲ. ನಾಳೆ ರಾಕೆಟ್ ಕೈಲಿ ಬೇರೆಯಾಗಿ ಒಮ್ಮೆ ಲೆಕ್ಕ ಮಾಡಿಸಬೇಕು. ಅವನ ಉತ್ತರ ಬರುವತನಕ ನನ್ನದನ್ನು ಅವನಿಗೆ ತೋರಿಸುವುದಿಲ್ಲ.